ಸೋಫಾ, ಹಳದಿ, ಮತ್ತೆ

ಪದವಿ ಪ್ರದಾನದ ಮಾರನೆಯ ಬೆಳಗ್ಗೆ
ಎಲ್ಮ್ ಬೀದಿಯ ಅಂಚಿನುದ್ದಕ್ಕೂ ಸಾಮಾನು.
ಕಾಲು ಮುರಿದ ಮೇಜು, ಮೂರು ಟೋಸ್ಟರು,
ಬೆಲೆಚೀಟಿ ಇನ್ನೂ ಕಳಚದ ನಿಲುವುಗನ್ನಡಿ,
ಒಂಟಿ ಸ್ಕೀ ಹಲಗೆ.
ಇಡೀ ಕೌಂಟಿಯಲ್ಲಿ ಗುಡ್ಡ ಅನ್ನುವುದೇ ಇಲ್ಲ,
ಇದು ಎಲ್ಲಿಂದ ಬಂತು ಎಂದು
ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ.

ನಾವು ಆರಕ್ಕೇ ಬರುತ್ತೇವೆ, ಪಿಕಪ್ಪು ತೆಗೆದುಕೊಂಡು,
ಕಸದ ಲಾರಿಗಿಂತ ಮುಂಚೆ.
ಕಳ್ಳರೇನಲ್ಲ.
ಆದರೂ ಪಿಸುದನಿಯಲ್ಲೇ ಮಾತು.

ವರ್ಲಿನ್ ಓಸ್ಟಬಿ ಸೀದಾ ನಡೆಯುವುದು ಸೋಫಾದ ಕಡೆಗೆ.
ಸಾಸಿವೆ ಬಣ್ಣ. ಎಡತೋಳಿನ ಮೇಲೆ
ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಕಪ್ಪು ತ್ರಿಕೋನ.
ಹೋದ ಆಗಸ್ಟಿನಲ್ಲಿ, ಲೂಥರನ್ ಚರ್ಚಿನ ನೆಲಮಾಳಿಗೆಯ ಅಂಗಡಿಯಲ್ಲಿ,
ನಾನೇ ಮಾರಿದ್ದು ಇದನ್ನು
ನೆಬ್ರಾಸ್ಕಾದ ಇಬ್ಬರು ಹುಡುಗರಿಗೆ, ಇಪ್ಪತ್ತೈದು ಡಾಲರಿಗೆ.
ಅದರ ಹಿಂದಿನ ಆಗಸ್ಟಿನಲ್ಲಿ ಪಿಟೀಲಿನ ಹುಡುಗಿಗೆ.
ಲವಾನ್ ಕ್ರೂಗರ್ ಲೆಕ್ಕ ಬರೆಯುವ ನೀಲಿ ಪುಸ್ತಕದಲ್ಲಿ
ಹನ್ನೊಂದು ಸಲ ಇದೆ: ಸೋಫಾ, ಹಳದಿ, ಮತ್ತೆ.

“ಬಂದೆಯಾ” ಎನ್ನುತ್ತಾನೆ ವರ್ಲಿನ್,
ಕತ್ತಲಾದ ಮೇಲೆ ಕೊಟ್ಟಿಗೆಗೆ ಬಂದ ಹಸುವಿಗೆ ಅಂದ ಹಾಗೆ.
ಹಸುಗಳನ್ನು ಅವನು ಮಾರಿ ಎಷ್ಟೋ ಕಾಲವಾಯಿತು.

ಇಪ್ಪತ್ತಾರು ವರ್ಷ ನಾನು ಊಟದ ಹಾಲಿನ ಬಾಗಿಲಲ್ಲಿ
ಸ್ಟೂಲಿನ ಮೇಲೆ ಕೂತು ಕಾರ್ಡು ಉಜ್ಜಿದೆ.
ಯಾರು ಮೂರು ದಿನದಿಂದ ಬರೀ ಬ್ರೆಡ್ಡು ತಿನ್ನುತ್ತಿದ್ದಾರೆ,
ಯಾರು ಯಾರ ಜೊತೆ ಕೂರುವುದನ್ನು ಬಿಟ್ಟರು,
ಅವರವರ ತಾಯಂದಿರಿಗಿಂತ ಮೊದಲು ನನಗೆ ಗೊತ್ತು.
ಅದೇ ತಾಯಂದಿರು ಮೇ ತಿಂಗಳಲ್ಲಿ ಬಂದು
ನನ್ನನ್ನು ಕೇಳುವುದು ಶೌಚಾಲಯದ ದಾರಿ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಬೇಜಾರಿಲ್ಲ. ದಾರಿ ತೋರಿಸುತ್ತೇನೆ: ಎಡಕ್ಕೆ, ಮೆಟ್ಟಿಲ ಕೆಳಗೆ.

ಮಾರ್ಚಿನಲ್ಲಿ ಕಾಗದ ಬಂತು.
ನೂರ ನಲವತ್ತೊಂದು ವರ್ಷ, ಅತೀವ ವಿಷಾದ, ಇದೇ ಕೊನೆಯ ತಂಡ.
ನಾಲ್ಕು ಮಕ್ಕಳಿಗೆ ಲ್ಯಾಟಿನ್ ಕಲಿಸುವ ಮಿಸ್ ಟ್ವೀಟನ್
ಅದರಲ್ಲಿ ಒಂಬತ್ತು ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ತಿದ್ದಿ,
ತನ್ನ ಬಾಗಿಲಿಗೆ ಅಂಟಿಸಿದಳು.
ಅಂಕವನ್ನೂ ಕೊಟ್ಟಿದ್ದಳು.
ಹಾರ್ಡ್‌ವೇರ್ ಅಂಗಡಿಯ ಡೆಲ್ಬರ್ಟ್ ಮಾತ್ರ
ಬೀಗದ ಕೈ ಮಾಡುವ ಯಂತ್ರವನ್ನು ಒರೆಸುತ್ತ ನಿಂತ,
ಏನೂ ಆಗಿಲ್ಲದ ಹಾಗೆ, ಇಡೀ ಮಧ್ಯಾಹ್ನ.

ಆದರೂ ಬಂದಿದ್ದೇವೆ, ಕಾಲು ರೂಢಿಯ ಮೇಲೆ ಕರೆತಂದಿದೆ.
ಒಂದು ತುದಿ ವರ್ಲಿನ್, ಒಂದು ತುದಿ ನಾನು,
ಲವಾನ್ ನಡುವೆ ಸುಮ್ಮನೆ ಕೈ ತಾಗಿಸಿಕೊಂಡು.
ಬೀದಿಯ ಮಧ್ಯಕ್ಕೆ ಬಂದಾಗ ವರ್ಲಿನ್ ಕೇಳಿದ:
“ಯಾರಿಗೆ?”
ಇಳಿಸಿದೆವು.
ಇಳಿಸಿದ ಮೇಲೆ ಕೂತೆವು, ಮೂವರೂ, ಹಳದಿ ಗೆರೆಯ ಮೇಲೆ,
ಜೋಳದ ಉಗ್ರಾಣದ ಕಡೆ ಮುಖ ಮಾಡಿ.

ಕೈ ತಾನಾಗಿ ದಿಂಬಿನ ಸಂದಿಗೆ ಹೋಯಿತು.
ಪೆನ್ನಿನ ಮುಚ್ಚಳ, ಒಂದು ಓಲೆ, ಪಾಪ್‌ಕಾರ್ನು,
ಆಮೇಲೆ ಚಮಚ.
ಹಿಡಿಕೆಯ ಮೇಲೆ ಕಾಲೇಜಿನ ಓಕ್ ಎಲೆ: ನಮ್ಮದೇ.
ಪ್ರತಿ ಡಿಸೆಂಬರಿನಲ್ಲಿ ಎಣಿಸಿ,
ಇನ್ನೂರು ಕಮ್ಮಿ, ಮುನ್ನೂರು ಕಮ್ಮಿ ಎಂದು
ನಾನು ಬೈಸಿಕೊಂಡ ಚಮಚ.
ಏಪ್ರನ್ನಿಗೆ ಒರೆಸಿದೆ.
ಎಲ್ಲಿಗೆ ಹಿಂದಿರುಗಿಸಬೇಕೋ ಹೊಳೆಯದೆ
ಮತ್ತೆ ಅದೇ ಸಂದಿಗೆ ತುರುಕಿದೆ.

ಕಸದ ಲಾರಿ ಬಂದು ನಿಂತಿತು.
ಲವಾನಳ ಅಕ್ಕನ ಮಗ, ಟ್ರೆವಿನ್. ಹಾರನ್ ಹಾಕಲಿಲ್ಲ.
ಇಂಜಿನ್ನು ಆರಿಸಿ, ಕಿಟಕಿಯಿಂದ ತಲೆ ಹಾಕಿ,
“ಇದೂ ಹಾಕೋದಾ?” ಅಂದ.

“ಬೇಡ” ಎಂದೆವು ಮೂವರೂ ಒಟ್ಟಿಗೆ.
ಎಷ್ಟು ಜೋರಾಗಿ ಎಂದರೆ
ಖಾಲಿ ಹಾಸ್ಟೆಲಿನ ಗೋಡೆ ಅದನ್ನು ಮರಳಿ ಅಂದಿತು.
ವರ್ಲಿನ್‌ನ ಮನೆಯಲ್ಲಿ ಆಗಲೇ ಎರಡು ಸೋಫಾ ಇವೆ.